ಕೀಸುಳಿಯ ಬ್ಲೇಡು ಹರಿತವಿದೆ, ಮರ ಮಾತ್ರ ಹಿಡಿಯುವುದಿಲ್ಲ

ಕಳೆದ ಮಳೆಗಾಲ ಕಟಪಾಡಿಯ ನಮ್ಮ ಶೆಡ್ಡಿಗೆ ಒಬ್ಬ ಹುಡುಗ ಮರ ನುಣ್ಣಗೆ ಮಾಡುವ ಕೀಸುಳಿ ಹಿಡಿದುಕೊಂಡು ಬಂದ. "ಅಣ್ಣ, ಬ್ಲೇಡಲ್ಲಿ ಕೈಯ ರೋಮ ಹೋಗ್ತದೆ, ಮರ ಮಾತ್ರ ಹಿಡಿಯುದೇ ಇಲ್ಲ." ಬ್ಲೇಡು ಬಿಚ್ಚಿ ಪಕ್ಕದಿಂದ ನೋಡಿದೆ. ಓರೆ, ಅಂದರೆ ತುದಿಗೆ ಇಳಿಜಾರಾಗಿ ಮಸೆದ ಭಾಗ, ಸಪಾಟಾಗಿರಲಿಲ್ಲ, ಕಡಲೆಬೇಳೆಯ ಬೆನ್ನಿನ ಹಾಗೆ ಉಬ್ಬಿತ್ತು.

ಸ್ಟ್ಯಾನ್ಲಿ 4ನೇ ನಂಬರಿನ ಮಾದರಿಯ ಕಬ್ಬಿಣದ ಕೀಸುಳಿಯಲ್ಲಿ ಬ್ಲೇಡು 45 ಡಿಗ್ರಿಯಲ್ಲಿ ಕೂತಿರುತ್ತದೆ, ಓರೆ ಕೆಳಗೆ. ನೀವು 25ಕ್ಕೆ ಮಸೆಯಿರಿ, 30ಕ್ಕೆ ಮಸೆಯಿರಿ, ಮರ ಕೊಯ್ಯುವ ಕೋನ 45 ಡಿಗ್ರಿಯೇ. ಬದಲಾಗುವುದು ಬ್ಲೇಡಿನ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಬಾಳಿಕೆ, ಮತ್ತೆ ಓರೆಗೂ ಮರಕ್ಕೂ ನಡುವಿನ ಸಂದು. 30ಕ್ಕೆ ಮಸೆದರೆ 15 ಡಿಗ್ರಿ ಸಂದು ಸಿಗುತ್ತದೆ. ಓರೆ ಉಬ್ಬಿದ್ದರಿಂದ ಹುಡುಗನ ಬ್ಲೇಡಿನ ತುದಿ ಹೆಚ್ಚುಕಡಿಮೆ 40ಕ್ಕೆ ಹೋಗಿತ್ತು, ಉಳಿದದ್ದು ಬರೀ 5. ಕೊಯ್ದ ಮರ ಬ್ಲೇಡು ದಾಟಿದ ಕೂಡಲೇ ಕೂದಲೆಳೆಯಷ್ಟು ಮೇಲೇಳುತ್ತದೆ. ಸಂದು ಸಾಲದಿದ್ದರೆ ಅದು ಓರೆಗೆ ಉಜ್ಜಿ ಬ್ಲೇಡನ್ನೇ ಎತ್ತಿಬಿಡುತ್ತದೆ.

ಕೋನ ಅಳೆಯಲು ಸ್ಟೀಲ್ ಸ್ಕೇಲು ಸಾಕು. ಓರೆಯ ಉದ್ದ ಬ್ಲೇಡಿನ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ. 2 ಮಿ.ಮೀ. ದಪ್ಪಕ್ಕೆ 4 ಮಿ.ಮೀ. ಓರೆ. 25 ಬೇಕಾದರೆ ಸುಮಾರು 4.7.

ನಾನು ಇಡೀ ಓರೆಯನ್ನು 25ಕ್ಕೆ ಇಳಿಸಿ, ತುದಿಗೆ ಮಾತ್ರ 30ರ ಸಣ್ಣ ಓರೆ ಕೊಡುತ್ತೇನೆ. ಮುಂದಿನ ಸಲ ಮಸೆಯುವಾಗ ಆ ತುದಿಯದ್ದಷ್ಟೇ ಕೆಲಸ. ಮಸೆಯುವಾಗ ಬ್ಲೇಡನ್ನು ಎರಡು ಬದಿಯಿಂದ ಬಿಗಿ ಹಿಡಿದು, ಅಡಿಯಲ್ಲಿ ಒಂದೇ ಚಕ್ರ ಇರುವ ಅಗ್ಗದ ಜಿಗ್ ಸಿಗುತ್ತದಲ್ಲ, ಅದರಿಂದ ಬ್ಲೇಡು 50 ಮಿ.ಮೀ. ಹೊರಗಿದ್ದರೆ 25, 38 ಇದ್ದರೆ 30. ಒಂದು ಹಲಗೆ ತುಂಡಿಗೆ ಇವೆರಡು ಅಳತೆಯ ಪಟ್ಟಿ ಹೊಡೆದಿಟ್ಟುಕೊಳ್ಳಿ. ಜಿಗ್ ಹಿಡಿದರೆ ಆಚಾರಿಯ ಮರ್ಯಾದೆ ಹೋಗುತ್ತದೆ ಎನ್ನುವವರಿದ್ದಾರೆ. ಹೋಗಲಿ.

ಗ್ರೈಂಡರ್ ಬಳಸುವುದಾದರೆ ಎರಡೆರಡು ಸೆಕೆಂಡಿಗೆ ನೀರಿಗೆ ಅದ್ದಬೇಕು. ನಾನೊಮ್ಮೆ ಫೋನಿನಲ್ಲಿ ಮಾತಾಡುತ್ತಾ ತುದಿಯನ್ನು ನೀಲಿ ಮಾಡಿಕೊಂಡೆ. ನೀಲಿ ಬಂದ ಕಡೆ ಹದ ಹೋಯಿತು ಅಂತಲೇ ಲೆಕ್ಕ, ಅಷ್ಟನ್ನೂ ಸವೆಸಿ ತೆಗೆಯಬೇಕು.

ಆಮೇಲೆ 1000 ಗ್ರಿಟ್ಟಿನ ಮಸೆಗಲ್ಲು. ಬೆನ್ನಿನ ಕಡೆ, ಅಂದರೆ ಓರೆ ಇಲ್ಲದ ಸಪಾಟು ಬದಿಯಲ್ಲಿ, ಬೆರಳು ಸವರಿದರೆ ಮಸೆದಾಗ ಆಚೆ ಮಡಚಿದ ಲೋಹದ ತೆಳು ಅಂಚು ಈ ಮೂಲೆಯಿಂದ ಆ ಮೂಲೆವರೆಗೆ ಗರಗರ ಅನ್ನಬೇಕು. ಅದು ಬರುವ ಮೊದಲು ಕಲ್ಲು ಬದಲಿಸಬೇಡಿ, ಎಷ್ಟೋ ಜನ ಎಡವುವುದು ಇಲ್ಲೇ. ಬಂದ ಮೇಲೆ 6000ದ ಕಲ್ಲಿನಲ್ಲಿ ಹತ್ತು ಎಳೆತ, ಬೆನ್ನನ್ನು ಸಪಾಟಾಗಿ ಒತ್ತಿ ಎರಡು ಎಳೆತ, ಗರಗರ ಮಾಯ. ಕೊನೆಗೆ ಎರಡೂ ಮೂಲೆಗೆ ಸ್ವಲ್ಪ ಭಾರ ಹಾಕಿ ನಾಲ್ಕು ಸಲ ಎಳೆದರೆ ಹಲಗೆ ಮೇಲೆ ಗೀರು ಬೀಳುವುದಿಲ್ಲ.

ಇಷ್ಟಾದರೂ ಹಲಸು ಕಿತ್ತು ಬರುತ್ತದೆ. ಅದರ ನಾರು ಒಂದು ಗೇಣು ಈಚೆ, ಒಂದು ಗೇಣು ಆಚೆ ತಿರುಗಿರುತ್ತದೆ. ಆಗ ಓರೆಯನ್ನು ಮತ್ತೆ ಮತ್ತೆ ಮಸೆದು ಪ್ರಯೋಜನವಿಲ್ಲ. ಮೊದಲು ಬ್ಲೇಡಿನ ಮೇಲಿನ ಕ್ಯಾಪನ್ನು, ಅಂದರೆ ಬ್ಲೇಡಿಗೆ ಬಿಗಿದಿರುವ ಕಬ್ಬಿಣದ ಪಟ್ಟಿಯನ್ನು, ಬಾಯಿಯಿಂದ ಕಾಲು ಮಿಲಿಮೀಟರಿಗಿಂತ ದೂರ ಬಿಡದೆ ಕೂರಿಸಿ, ತೆಳ್ಳಗೆ ತೆಗೆಯಿರಿ. ನೂರಕ್ಕೆ ತೊಂಬತ್ತು ಸಲ ಅಲ್ಲಿಗೆ ಮುಗಿಯಿತು. ಮುಗಿಯದಿದ್ದರೆ ಬೆನ್ನಿನ ಕಡೆಯಿಂದ 5 ಡಿಗ್ರಿಯ ಸಣ್ಣ ಓರೆ ಕೊಡಿ, ಕೊಯ್ಯುವ ಕೋನ 50 ಆಗುತ್ತದೆ. ತಳ್ಳುವುದು ಭಾರ, ಮರ ಮಾತ್ರ ನುಣ್ಣಗೆ. ಇದಕ್ಕೆ ಬೇರೆಯೇ ಒಂದು ಬ್ಲೇಡು ಇಟ್ಟುಕೊಳ್ಳಿ. ಕೊಟ್ಟ ಓರೆ ತೆಗೆಯಲು ಅರ್ಧ ದಿನ ಬೇಕು.

ಬ್ಲೇಡಿನ ಓರೆ ಮೇಲಕ್ಕಿರುವ ಕೀಸುಳಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಬ್ಲೇಡು 12 ಡಿಗ್ರಿಯಲ್ಲಿ ಮಲಗಿದ್ದರೆ, 25ರ ಓರೆಗೆ 37, 38ರ ಓರೆಗೆ 50. ಮಸೆದ ಕೋನವೇ ಕೊಯ್ಯುವ ಕೋನವನ್ನು ಬದಲಿಸುತ್ತದೆ.

ಹುಡುಗನ ಬ್ಲೇಡನ್ನು ಅವನ ಕೈಯಲ್ಲೇ ಮಸೆಸಿದೆ. ಸಂಜೆಗೆ ಹಲಸಿನ ಹಳದಿ ಸುರುಳಿ ಕಾಲಡಿ ರಾಶಿ ಬಿತ್ತು. ಖುಷಿಯಲ್ಲಿ ಬ್ಲೇಡು ಒರಸದೆ ಚಾ ಕುಡಿಯಲು ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಬಾಯಿಯುದ್ದಕ್ಕೂ ಕೆಂಪು ಚುಕ್ಕಿ.