ಸಂಸ್ಥೆಯನ್ನು ಒಪ್ಪಿಸಿಕೊಟ್ಟ ಆ ಒಂದು ವರ್ಷ

ಉಡುಪಿಯಲ್ಲಿ ನಾವು ಕೆಲವರು ಸೇರಿ ಕಟ್ಟಿದ ಚಿಕ್ಕ ಸಂಶೋಧನಾ ಸಂಸ್ಥೆ ನಮ್ಮದು. ಲಾಭಕ್ಕಾಗಿ ಮಾಡಿದ್ದಲ್ಲ. ತುಳುವಿನಲ್ಲಿ ಬಾಯಿಂದ ಬಾಯಿಗೆ ಬಂದ ಕಥನಗೀತೆ ಪಾಡ್ದನ; ಅದನ್ನು ಹಾಡುವವರ ಮನೆಗೆ ಹೋಗಿ ರೆಕಾರ್ಡ್ ಮಾಡುವುದು, ಬರೆದಿಡುವುದು, ಅರ್ಥ ಕೇಳಿ ತಿಳಿಯುವುದು ನಮ್ಮ ಕೆಲಸ. 19 ವರ್ಷ ನಾನೇ ಕಾರ್ಯದರ್ಶಿಯಾಗಿದ್ದೆ. ಕೈಕಾಲು ಗಟ್ಟಿ ಇರುವಾಗಲೇ ಬಿಟ್ಟುಕೊಡಬೇಕು ಅನ್ನಿಸಿತು.

ಅದಕ್ಕೆ ಎಷ್ಟು ಸಮಯ ಬೇಕು ಎಂದು ಉಡುಪಿಯವರಿಗೆ ಹೇಳಿಕೊಡಬೇಕಾ? ಕೃಷ್ಣಮಠದ ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಜನವರಿ 18ಕ್ಕೆ. ಆದರೆ ಅದರ ತಯಾರಿಯ ಮೊದಲ ಶಾಸ್ತ್ರ, ಬಾಳೆ ಮುಹೂರ್ತ, ವರ್ಷಕ್ಕೂ ಮೊದಲೇ ಆಗಿರುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ನಾನೂ ಒಂದು ವರ್ಷ ಇಟ್ಟುಕೊಂಡೆ. ನಮ್ಮಲ್ಲೇ ಏಳು ವರ್ಷ ದುಡಿದ ಸಹಾಯಕ ಸಂಶೋಧಕಿಯನ್ನು ಮುಂದಿನ ಕಾರ್ಯದರ್ಶಿಯಾಗಿ ಸಮಿತಿ ಒಪ್ಪಿತು.

ಕಾಗದದ ಕೆಲಸ ದೊಡ್ಡದೇನಲ್ಲ. ಸಮಿತಿಯ ಠರಾವು, ಮಹಾಸಭೆ, ಹೊಸ ಪಟ್ಟಿ ಸಂಘಗಳ ನೋಂದಣಿ ಕಚೇರಿಗೆ, ಬ್ಯಾಂಕಿನಲ್ಲಿ ಸಹಿ ಬದಲಾವಣೆ. ಒಂದು ಕಡೆ ಮಾತ್ರ ಎಡವಿದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನನ್ನ ಮೊಬೈಲ್ ನಂಬರೇ ಉಳಿದಿತ್ತು. ಲೆಕ್ಕಪತ್ರ ಸಲ್ಲಿಸುವ ದಿನ ನಾನು ಘಟ್ಟದ ಮೇಲಿನ ಮದುವೆಮನೆಯಲ್ಲಿದ್ದೆ, ಅಲ್ಲಿ ಸಿಗ್ನಲ್ ಇರಲಿಲ್ಲ. ಒಟಿಪಿ ಇಲ್ಲದೆ ಅವರು ಸಂಜೆಯವರೆಗೆ ಕಾದರು. ಡಿಜಿಟಲ್ ಸಹಿಯೂ ಅಷ್ಟೇ. ಅದು ವ್ಯಕ್ತಿಯದು, ಸಂಸ್ಥೆಯದಲ್ಲ. ಹೊಸಬರು ತಮ್ಮ ಹೆಸರಿನಲ್ಲೇ ಮಾಡಿಸಬೇಕು, ನಮ್ಮದನ್ನು ಕೊಟ್ಟು ಬರುವಂತಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಒಂದು ಕ್ಯಾಸೆಟ್. ಕಪಾಟು ಒಪ್ಪಿಸುವಾಗ ಅವರು ಕೇಳಿದರು, "ಸರ್, ಇದಕ್ಕೆ ಯಾಕೆ ಕೆಂಪು ನೂಲು ಕಟ್ಟಿದ್ದೀರಿ?"

ಹಾಡಿದ ಅಜ್ಜಿಗೆ ನಾನು ಮಾತು ಕೊಟ್ಟಿದ್ದೆ. ಆ ಕ್ಯಾಸೆಟ್‌ನ ಒಂದು ಭಾಗವನ್ನು ಹೊತ್ತುಗೊತ್ತಿಲ್ಲದೆ ಯಾರಿಗೂ ಕೇಳಿಸುವುದಿಲ್ಲ ಎಂದು. ಎಲ್ಲೂ ಬರೆದಿಟ್ಟಿರಲಿಲ್ಲ. ನನಗೇನಾದರೂ ಆಗಿದ್ದರೆ ಆ ನೂಲು ಸುಮ್ನೆ ಒಂದು ನೂಲಾಗಿ ಉಳಿಯುತ್ತಿತ್ತು, ಅಲ್ವಾ?

ಅವತ್ತೇ ಒಂದು ನೋಟ್‌ಬುಕ್ ತಂದೆ. ಯಾರಿಗೆ ಏನು ಮಾತು ಕೊಟ್ಟಿದ್ದೇನೆ, ಯಾರ ಮನೆಗೆ ಯಾವ ಪ್ರತಿ ಕೊಡಬೇಕು, ಯಾರ ಹೆಸರು ಹಾಕಬಾರದು, ಎಲ್ಲವನ್ನೂ ನೆನಪಾದ ಹಾಗೆ ಬರೆದೆ. ಮೂರು ತಿಂಗಳು ಹಿಡಿಯಿತು. ಆಮೇಲೆ ಇಬ್ಬರೂ ಮನೆಮನೆಗೆ ಹೋದೆವು. ಆ ಅಜ್ಜಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ತುಳುವಿನಲ್ಲಿ ನನ್ನನ್ನು ಕೇಳಿದರು, "ಇನ್ನು ಇವಳಲ್ಲಿ ಹೇಳಿದರೆ ಆಯಿತಾ?" ಹೌದು ಎಂದೆ. ವೀಳ್ಯದ ಹರಿವಾಣವನ್ನು ಮೊದಲು ಅವರ ಮುಂದೆ ಸರಿಸಿದರು, ಆಮೇಲೆ ನನ್ನ ಕಡೆ. ನನಗೆ ಅವತ್ತು ತುಂಬ ಸಮಾಧಾನವಾಯಿತು.

ಅಧಿಕಾರ ಬಿಟ್ಟ ಮೇಲೆ ಆರು ತಿಂಗಳು ಕಚೇರಿಗೆ ಹೋಗಲಿಲ್ಲ. ಫೋನ್ ಮಾಡಿದ ಸಿಬ್ಬಂದಿಗೆಲ್ಲ "ಮೇಡಂ ಹತ್ತಿರ ಕೇಳಿ" ಎಂದೆ. ಅವರು ಮಾಡಿದ ಮೊದಲ ಕೆಲಸವೇ ನಾನು ಶುರುಮಾಡಿದ ವಾರ್ಷಿಕ ವಿಚಾರಸಂಕಿರಣ ನಿಲ್ಲಿಸಿದ್ದು. ಆ ಹಣ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ಬೇಕು ಎಂದರು. ನನಗೆ ನೋವಾಯಿತು. ಆದರೆ ನಮ್ಮ ಮಳೆಗಾಲದ ತಂಪಿಗೆ ಟೇಪಿನ ಮೇಲೆ ಬೂಷ್ಟು ಹಿಡಿಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮಹಾಸಭೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದಾಗ ಅವರ ಪರವಾಗಿ ಕೈ ಎತ್ತಿದೆ. ಈಗ ಅರ್ಧಕ್ಕಿಂತ ಜಾಸ್ತಿ ಕ್ಯಾಸೆಟ್‌ಗಳ ಕೆಲಸ ಮುಗಿದಿದೆ.