ಮನೆ ಜಗಳದ ಕರೆಗೆ ಹೋಗುವಾಗ

ಕಲಬುರಗಿಗೆ ಹೊಸದಾಗಿ ಬರುವ ಕಾನ್‌ಸ್ಟೇಬಲ್‌ಗಳಿಗೆ ಹೆಡ್ ಕಾನ್‌ಸ್ಟೇಬಲ್ ಆಗಿ ನಾನು ಮೊದಲು ಹೇಳುವ ಮಾತು: 112ಕ್ಕೆ ಮನೆ ಜಗಳದ ಕರೆ ಬಂದರೆ ಹಗುರವಾಗಿ ತಗೋಬೇಡಿ, ಒಬ್ಬರೇ ಹೋಗಬೇಡಿ. ದಾರಿಯಲ್ಲೇ ಕರೆ ಮಾಡಿದವರಿಗೆ ಫೋನ್ ಮಾಡಿ ಕೇಳಿ: ಗಂಡ ಕುಡಿದಿದ್ದಾನಾ, ಕೈಯಲ್ಲಿ ಏನಿದೆ, ಮಕ್ಕಳೆಲ್ಲಿ? ಗಾಡಿ ಎರಡು ಮನೆ ಈಚೆಗೇ ನಿಲ್ಲಿಸಿ.

ಬಾಗಿಲಿನ ಪಕ್ಕಕ್ಕೆ ನಿಂತು ಒಳಗಿನ ದನಿ ಕೇಳಿಸಿಕೊಳ್ಳಿ. ನಮ್ಮ ಕಡೆ ಹಳೇ ಕಲ್ಲಿನ ಮನೆಗಳ ಬಾಗಿಲು ತಗ್ಗು. ತಲೆ ಬಗ್ಗಿಸಿ ನುಗ್ಗಿದರೆ ಒಳಗಿನವನ ಕೈ ಕಾಣುವುದೇ ಇಲ್ಲ. ಬಿಸಿಲಿನಿಂದ ಒಳಗೆ ಹೋದರಂತೂ ಕಣ್ಣು ಕತ್ತಲೆ. ಅದಕ್ಕೇ ಅವನನ್ನೇ ಹೊರಗೆ ಕರೆಯಿರಿ. ‘ಅಣ್ಣಾ, ಸ್ವಲ್ಪ ಹೊರಗ ಬರ್ರಿ’ ಅಂತ ಮೆತ್ತಗೆ ಹೇಳಿ, ಜೋರು ಮಾಡಬೇಡಿ. ಅಡುಗೆಮನೆಯಲ್ಲಿ ವಿಚಾರಣೆ ಬೇಡವೇ ಬೇಡ. ಈಳಿಗೆ, ಕುಡುಗೋಲು, ಒಲೆ ಮೇಲೆ ಕುದಿಯುವ ನೀರು ಎಲ್ಲ ಕೈಗೆಟಕುವ ಹಾಗೆ ಇರುತ್ತವೆ.

ಇಬ್ಬರನ್ನೂ ಬೇರೆ ಮಾಡಿ, ಆದರೆ ಜೊತೆಗಾರ ನಿಮ್ಮ ಕಣ್ಣಿಗೆ ಬೀಳುತ್ತಿರಲಿ. ಗಂಡನ ಕೈ ಹಿಡಿದ ಕೂಡಲೇ ಹೊಡೆತ ತಿಂದ ಹೆಂಡತಿಯೇ ನಿಮ್ಮ ಮೇಲೆ ಬೀಳಬಹುದು. ಆಕೆಯ ಮೇಲೆ ಸಿಟ್ಟಾಗಬೇಡಿ. ನಾಳೆ ಅದೇ ಮನೆಯಲ್ಲಿ ಬಾಳಬೇಕಲ್ವಾ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಕಾಪಾಡುವ 2005ರ ಕಾಯ್ದೆಯಡಿ ರಕ್ಷಣಾಧಿಕಾರಿಯ ಸಹಾಯ, ಉಚಿತ ಕಾನೂನು ನೆರವು ಸಿಗುತ್ತದೆ ಅಂತ ಗಂಡನ ಕಿವಿಗೆ ಬೀಳದಂತೆ ಆಕೆಗೆ ಹೇಳಿ. ರಾಜಿಯಾಯ್ತು ಅಂದರೂ ಅವನಿಗೆ ಬೆನ್ನು ಕೊಡದೆ ಹೊರಬನ್ನಿ.