ಉಗುರುಬೆಚ್ಚಗಿನ ಸೋಲಾರ್ ನೀರು: ಅಕ್ಕನ ಮನೆಯಲ್ಲಿ ಕೊನೆಗೂ ಸಿಕ್ಕಿದ ಕಾರಣ

ಎರಡು ಚಳಿಗಾಲ ನನ್ನ ಅಕ್ಕನ ಮನೆಯಲ್ಲಿ ಬೆಳಗ್ಗೆ ಸೋಲಾರಿಂದ ಉಗುರುಬೆಚ್ಚಗಿನ ನೀರೇ ಬರುತ್ತಿತ್ತು, ಸ್ನಾನಕ್ಕೆ ಗೀಸರ್ ಹಾಕಬೇಕಾಗುತ್ತಿತ್ತು. ಮನೆ ಇರೋದು ಬೆಂಗಳೂರಿನ ನಾಗರಭಾವಿಯಲ್ಲಿ. ತಾರಸಿ ಮೇಲೆ 200 ಲೀಟರಿನ ಟ್ಯೂಬ್ ಸೋಲಾರ್ (ಗಾಜಿನ ಕೊಳವೆಗಳಲ್ಲಿ ಬಿಸಿಲಿಗೆ ನೀರು ಕಾಯಿಸೋದು), ಬಳಸೋರು ನಾಲ್ಕೇ ಜನ. ಬಂದು ನೋಡಿದವರೆಲ್ಲ ಟ್ಯಾಂಕು ಹಳೇದಾಯ್ತು, ಹೊಸದು ಹಾಕಿಸಿ ಅಂದರು. ಹೊಸದಕ್ಕೆ 45 ಸಾವಿರದ ಹತ್ತಿರ. ಬೇಡ ಅಂದವನು ನಾನೊಬ್ಬನೇ.

ಮೊದಲು ನಾನೂ ಗಡಸು ನೀರಿಂದ ಟ್ಯೂಬಲ್ಲಿ ಕಟ್ಟೋ ಸುಣ್ಣದ ಮೇಲೇ ಅನುಮಾನ ಪಟ್ಟೆ. ಬೋರ್‌ವೆಲ್ ನೀರು, ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 900ರ ಆಸುಪಾಸು. 20 ಟ್ಯೂಬನ್ನೂ ಬಿಚ್ಚಿದೆ. ಒಂದೊಂದರ ತಳದಲ್ಲೂ ಒಂದು ಹಿಡಿ ಬಿಳಿ ಚಕ್ಕೆ. ಎರಡು ಟ್ಯೂಬಿನ ತುದಿಯಲ್ಲಿ ಬೆಳ್ಳಿ ಬಣ್ಣ ಹೋಗಿ ಹಾಲಿನ ಹಾಗೆ ಬಿಳಿಯಾಗಿತ್ತು. ಗಾಜಿನ ಎರಡು ಪದರದ ನಡುವಿನ ವ್ಯಾಕ್ಯೂಮ್ ಹೋಗಿದೆ, ಇನ್ನು ಶಾಖ ನಿಲ್ಲಲ್ಲ ಅಂತ ಗೊತ್ತಾಯ್ತು, ಬದಲಾಯಿಸಿದೆ. ಬಿಚ್ಚುವಾಗ ಇನ್ನೊಂದು ಒಡೆಯಿತು, ಅದಕ್ಕೂ ಹೊಸದು ಹಾಕಿದೆ. ಸೀಲು, ಆಸಿಡ್ಡು, ಹುಡುಗನ ಕೂಲಿ ಎಲ್ಲ ಸೇರಿ 4 ಸಾವಿರ ದಾಟಿತು. ಅವತ್ತು ಸಂಜೆ ಕೈ ಇಡಕ್ಕಾಗದಷ್ಟು ಬಿಸಿ ನೀರು ಬಂತು. ಮರುದಿನ ಬೆಳಗ್ಗೆ ಭಾವನ ಫೋನು: "ಏನಪ್ಪಾ, ಮತ್ತೆ ಅದೇ ಕಥೆ."

ಸಂಜೆ ಬಿಸಿ, ಬೆಳಗ್ಗೆ ಇಲ್ಲ. ಸರ್ವೀಸಿಗೆ ಬಂದವರು ಟ್ಯಾಂಕಿನ ಪಫ್ (ಶಾಖ ಹಿಡಿದಿಡೋ ಫೋಮ್ ಪದರ) ಹೋಗಿದೆ, ರಾತ್ರಿ ಶಾಖ ನಿಲ್ಲಲ್ಲ ಅಂದರು. ಮಾತು ಸರಿ ಅನ್ನಿಸಿತು. ಆದರೆ ರಾತ್ರಿ ಹನ್ನೊಂದಕ್ಕೆ ಟ್ಯಾಂಕಿನ ಹೊರಮೈ ಮುಟ್ಟಿದರೆ ತಣ್ಣಗಿತ್ತು. ಪಫ್ ಹೋಗಿದ್ದರೆ ಮೈ ಬೆಚ್ಚಗಿರಬೇಕಲ್ವಾ?

ಈ ನಡುವೆ ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ಕೊಳವೆ ಹಾಕಿ ನೋಡಿದೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 45 ಅಡಿ, ಮುಕ್ಕಾಲು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು. 1,400 ರೂಪಾಯಿ ಆಯ್ತು. ಬಿಸಿ ಬರೋ ತನಕ ಹೋಗೋ ತಣ್ಣೀರನ್ನು ಬಕೆಟಿಗೆ ಹಿಡಿದು ಚೊಂಬಲ್ಲಿ ಅಳೆದೆ. ಫೋಮ್ ಹಾಕೋ ಮುಂಚೆ ಮೂರೂವರೆ ಲೀಟರ್, ಹಾಕಿದ ಮೇಲೂ ಅಷ್ಟೇ. ರಾತ್ರಿಯೆಲ್ಲ ನಿಂತ ನೀರು ಏನು ಸುತ್ತಿದರೂ ಆರುತ್ತೆ. ನಲ್ಲಿಯಲ್ಲಿ ಬರೋ ಬಿಸಿ ಮಾತ್ರ ಎರಡು ಡಿಗ್ರಿ ಏರಿತು. ಉದ್ದದ ಪೈಪಿದ್ದರೆ ಹಾಕಿಸಿ, ಆದರೆ ಅದರಿಂದ ಈ ಕಾಯಿಲೆ ವಾಸಿಯಾಗಲ್ಲ.

ದಾರಿ ತೋರಿಸಿದ್ದು ಅಕ್ಕನ ಒಂದು ಮಾತು. "ರಾತ್ರಿ ಯಾರೂ ನಲ್ಲಿ ಬಿಡಲ್ಲ ಕಣೋ, ಆದ್ರೂ ಪಂಪು ತಾನೇ ಆನ್ ಆಗುತ್ತೆ." ಅವಳು ಫ್ಲಶ್ ಸೋರುತ್ತೆ ಅಂದುಕೊಂಡಿದ್ದಳು. ಅವತ್ತು ರಾತ್ರಿ ಅಲ್ಲೇ ಉಳಿದೆ. ಐದಾರು ನಿಮಿಷಕ್ಕೊಮ್ಮೆ ಪ್ರೆಶರ್ ಪಂಪು ಟಕ್ ಅನ್ನೋದು, ನಾಲ್ಕು ಸೆಕೆಂಡ್ ಗುರ್ ಅಂದು ನಿಲ್ಲೋದು. ಫ್ಲಶ್‌ಗಳ ಕಾಕ್ ಎಲ್ಲ ಮುಚ್ಚಿದೆ, ಪಂಪು ನಿಲ್ಲಲಿಲ್ಲ. ಗೋಡೆ, ನೆಲ ಎಲ್ಲೂ ಒದ್ದೆ ಇಲ್ಲ. ಬೆಳಗಿನ ಜಾವ ಐದಕ್ಕೆ ತಾರಸಿಗೆ ಹೋಗಿ, ಮೇಲಿನ ಟ್ಯಾಂಕಿನಿಂದ ಸೋಲಾರಿಗೆ ಬರೋ ತಣ್ಣೀರಿನ ಪೈಪ್ ಹಿಡಿದೆ. ಬೆಚ್ಚಗಿತ್ತು! ತಣ್ಣೀರಿನ ಪೈಪು ಅಷ್ಟು ಹೊತ್ತಲ್ಲಿ ಬೆಚ್ಚಗಿರಬೇಕಾದರೆ ನೀರು ಉಲ್ಟಾ ಬರ್ತಿದೆ ಅಂತಲೇ ಅರ್ಥ.

ಈ ಮನೆಯಲ್ಲಿ ಪ್ರೆಶರ್ ಪಂಪು ಇರೋದು ತಣ್ಣೀರಿನ ಲೈನಿಗೆ ಮಾತ್ರ, ಎರಡು ಕೇಜಿ ಪ್ರೆಶರ್. ಸೋಲಾರ್ ಲೈನು ಬರೀ ಎತ್ತರದ ಮೇಲೆ ಇಳಿಯುತ್ತೆ. ಎಲ್ಲೋ ಒಂದು ಮಿಕ್ಸರ್ (ಬಿಸಿ, ತಣ್ಣೀರು ಬೆರೆಸೋ ನಲ್ಲಿ) ಮುಚ್ಚಿದ್ದರೂ ಒಳಗೊಳಗೇ ನೀರು ಪಾಸ್ ಮಾಡ್ತಿದೆ. ತಣ್ಣೀರು ಬಿಸಿ ಲೈನಿಗೆ ನುಗ್ಗಿ ಸೋಲಾರಿಗೆ ಏರುತ್ತೆ, ಅಲ್ಲಿಂದ ಬಿಸಿನೀರನ್ನು ಮೇಲಿನ ಟ್ಯಾಂಕಿಗೆ ತಳ್ಳುತ್ತೆ, ಅದೇ ನೀರು ಮತ್ತೆ ಪಂಪಿಗೆ. ಒಂದು ತೊಟ್ಟೂ ಹೊರಗೆ ಹೋಗಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಹಗಲಲ್ಲಿ ಬಿಸಿಲು ಅದನ್ನು ಮುಚ್ಚಿಹಾಕುತ್ತಿತ್ತು.

ಭಾವ ನಂಬಲಿಲ್ಲ. ಸರ್ವೀಸಿನವರು ಬಿಸಿ ಲೈನಿಗೂ ಒಂದು ಪಂಪ್ ಹಾಕಿ, 12 ಸಾವಿರ ಅಂದರು. ನಾನು ಮೇಲಿನ ಟ್ಯಾಂಕಿನಿಂದ ಸೋಲಾರಿಗೆ ಹೋಗೋ ಪೈಪಿನ ಗೇಟ್ ವಾಲ್ವ್ ಮುಚ್ಚಿ ಅಡುಗೆಮನೆಯ ಬಿಸಿ ನಲ್ಲಿ ತಿರುಗಿಸಿದೆ. ಬೇರೆ ಕಡೆಯಿಂದ ನೀರು ನುಗ್ಗದಿದ್ದರೆ ಎರಡು ಮೂರು ನಿಮಿಷದಲ್ಲಿ ನಿಲ್ಲಬೇಕು. ಅರ್ಧ ಗಂಟೆಯಾದರೂ ಪೆನ್ಸಿಲ್ ದಪ್ಪಕ್ಕೆ ಬರುತ್ತಲೇ ಇತ್ತು, ಅದೂ ತಣ್ಣೀರು. ಆಮೇಲೆ ಭಾವ ಮಾತಾಡಲಿಲ್ಲ.

ಮೂರು ಬಚ್ಚಲಲ್ಲೂ ಮಿಕ್ಸರ್ ಅಂದರೆ ಗೋಡೆಯೊಳಗೆ ಹುದುಗಿದ ಡೈವರ್ಟರ್, ಒಂದೊಂದನ್ನೇ ಬಂದ್ ಮಾಡೋಕೆ ಆಂಗಲ್ ಕಾಕ್ ಇಲ್ಲ. ತಾರಸಿಯಿಂದ ಕೆಳಗಿಳಿಯೋ ಬಿಸಿನೀರಿನ ಒಂದು ಪೈಪಿಗೂ ವಾಲ್ವ್ ಇಟ್ಟಿರಲಿಲ್ಲ. ಒಂದೂ ಟೈಲ್ಸ್ ಒಡೆಯದೆ, ಒಂದೂ ಡೈವರ್ಟರ್ ಬಿಚ್ಚದೆ ಯಾವುದು ಅಂತ ಹಿಡಿದೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ. ಸಿಕ್ಕಿದ್ದು ಮಹಡಿ ಮೇಲಿನ, ಯಾರೂ ಹೆಚ್ಚು ಬಳಸದ ಬಚ್ಚಲು. ಡೈವರ್ಟರ್ ಒಳಗೆ ನೀರು ಬಿಡೋ, ತಡೆಯೋ ಕಾರ್ಟ್ರಿಜ್ ಬಿಚ್ಚಿದರೆ ಒಳಗಿನ ಸೆರಾಮಿಕ್ ಬಿಲ್ಲೆಯ ಮೇಲೆ ಕೂದಲೆಳೆಯಷ್ಟು ಗೀರು, ಅದರಲ್ಲಿ ಬೋರ್‌ವೆಲ್ಲಿನ ಮರಳು. ಉಗುರು ಆಡಿಸಿದರೆ ತಗಲುತ್ತಿತ್ತು. ಹೊಸ ಕಾರ್ಟ್ರಿಜ್ 1,100.

ಮತ್ತೆ ಹೀಗಾಗಬಾರದು ಅಂತ ಆ ಬಚ್ಚಲ ಬಿಸಿ ಲೈನಿಗೆ ಎನ್‌ಆರ್‌ವಿ (ನೀರು ಉಲ್ಟಾ ಹೋಗದಂತೆ ತಡೆಯೋ ವಾಲ್ವ್) ಹಾಕಿದೆ. ಇಲ್ಲಿ ಒಂದು ಸಲ ಸೋತೆ. ಕೈಗೆ ಸಿಕ್ಕಿದ ಸ್ಪ್ರಿಂಗ್ ಎನ್‌ಆರ್‌ವಿ ಹಾಕಿದ್ದಕ್ಕೆ ಬಿಸಿನೀರು ನೂಲಿನಷ್ಟು ಸಣ್ಣಗೆ ಬಂತು. ಆರೇಳು ಅಡಿ ಎತ್ತರದ ಒತ್ತಡಕ್ಕೆ ಆ ಸ್ಪ್ರಿಂಗು ಸರಿಯಾಗಿ ತೆರೆಯಲ್ಲ. ತೆಗೆದು ಹಿತ್ತಾಳೆಯ ಸ್ವಿಂಗ್ ಎನ್‌ಆರ್‌ವಿಯನ್ನು ತಾರಸಿ ಮೇಲೇ, ಪೈಪ್ ಮಲಗಿರೋ ಜಾಗದಲ್ಲಿ ಕೂರಿಸಿದೆ. 350 ರೂಪಾಯಿ. ಸೋಲಾರಿನ ಏರ್ ವೆಂಟಿಗೆ (ಗಾಳಿ, ಹಬೆ ಹೊರಹೋಗೋ ಕೊಳವೆ) ಮಾತ್ರ ಯಾರೂ ಕ್ಯಾಪ್ ಹಾಕಬೇಡಿ, ಟ್ಯಾಂಕು ಸೀಳಿಹೋಗಬಹುದು.

ಅಡುಗೆಮನೆ ಥರ್ಮಾಮೀಟರಲ್ಲಿ ನೋಡಿದ ಲೆಕ್ಕ: ಸಂಜೆ 62 ಡಿಗ್ರಿ ಇದ್ದದ್ದು ಮೊದಲು ಬೆಳಗ್ಗೆ 38ಕ್ಕೆ ಇಳಿಯುತ್ತಿತ್ತು. ಈಗ 53, 54. ಗೀಸರ್ ಆಫ್. ಮೊದಲು ಅದೊಂದಕ್ಕೇ ತಿಂಗಳಿಗೆ 80 ಯೂನಿಟ್ ಹೋಗಿ, ಗೃಹಜ್ಯೋತಿಯ 200 ದಾಟಿ ಪೂರ್ತಿ ಬಿಲ್ ಬೀಳುತ್ತಿತ್ತು. ಮೂರು ತಿಂಗಳಿಂದ ಸೊನ್ನೆ ಬಿಲ್.

ಅದೇ ಬೀದಿಯಲ್ಲಿ ಇನ್ನೆರಡು ಮನೆಯವರು ಕರೆದರು. ಒಂದರಲ್ಲಿ ಇದೇ ಕಥೆ, ಹ್ಯಾಂಡ್ ಶವರ್ ಇದ್ದ ವಾಲ್ ಮಿಕ್ಸರ್. ಇನ್ನೊಂದರಲ್ಲಿ ಗೇಟ್ ವಾಲ್ವ್ ಮುಚ್ಚಿದ ಎರಡೇ ನಿಮಿಷಕ್ಕೆ ನೀರು ನಿಂತಿತು. ಅಲ್ಲಿ ನಿಜಕ್ಕೂ ಸುಣ್ಣವೇ ಕಟ್ಟಿತ್ತು, ಟ್ಯೂಬ್ ಬಿಚ್ಚಿ ತೊಳೆದು ಬಂದೆ.